ಕೊಡಗಿನ ಇಳಿಜಾರಿನಲ್ಲಿ ಟೈಮಿಂಗ್ ಚೈನ್ ಕೈಕೊಟ್ಟರೆ

ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಿಡುವ ಟೈಮಿಂಗ್ ಚೈನ್ ಹೋಗಿರಬಹುದೆಂಬ ಅನುಮಾನ ಬಂದ ಎಂಜಿನ್‌ಗೆ ಇನ್ನೊಮ್ಮೆ ಕೀ ತಿರುಗಿಸಬೇಡಿ. ಕೊಡಗಿನಲ್ಲಿ ಈ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಏಕೆಂದರೆ ಇಲ್ಲಿ ಗಾಡಿ ನಿಂತೊಡನೆ ನೆನಪಾಗುವುದು ಇಳಿಜಾರು. ಎರಡನೇ ಗೇರಿಗೆ ಹಾಕಿ, ಇಬ್ಬರು ಹಿಂದಿನಿಂದ ತಳ್ಳಿ, ಕ್ಲಚ್ ಬಿಟ್ಟರೆ ಜೀಪು ಎದ್ದು ಓಡುತ್ತದೆಂಬುದು ತೋಟದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಬ್ಯಾಟರಿ ಸತ್ತ ಜೀಪಿಗೆ ಅದು ಸರಿ. ಚೈನ್ ತಪ್ಪಿದ ಸ್ಪೋರ್ಟ್ಸ್ ಕಾರಿಗೆ ಅದನ್ನೇ ಮಾಡಿದರೆ ಅದುವರೆಗೆ ಬಚಾವಾಗಿದ್ದ ವಾಲ್ವ್‌ಗಳೂ ಬಾಗಿ ಕೂರುತ್ತವೆ.

ಎಲ್ಲ ಎಂಜಿನ್‌ಗಳಿಗೂ ಅನ್ವಯಿಸುವಂತೆ ಬರೆದರೆ ಯಾರಿಗೂ ಉಪಯೋಗವಾಗುವುದಿಲ್ಲ. ಹಾಗಾಗಿ ಒಂದನ್ನೇ ಹಿಡಿದು ಹೇಳುತ್ತೇನೆ: ಫೋಕ್ಸ್‌ವ್ಯಾಗನ್ ಸಮೂಹದ ಇಎ888 ಎಂಜಿನ್‌ನ ಎರಡನೇ ತಲೆಮಾರು. 2011ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಲಾರಾ ವಿಆರ್‌ಎಸ್‌ನಲ್ಲಿ ಇದು 1.8 ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ರೂಪದಲ್ಲಿತ್ತು, 160 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. 211 ಪಿಎಸ್‌ನ ಆಡಿ ಟಿಟಿಯಲ್ಲಿ ಇದೇ ಕುಟುಂಬದ 2.0 ಲೀಟರ್ ಎಂಜಿನ್ ಇದೆ. ಈಗ ಇವು ಹಳೆಯ ಕಾರುಗಳಾಗಿ, ಕೈಗೆಟಕುವ ಬೆಲೆಗೆ ಇಳಿದು, ಕುಶಾಲನಗರ, ಗೋಣಿಕೊಪ್ಪದ ಹುಡುಗರ ಮನೆ ಮುಂದೆ ನಿಲ್ಲತೊಡಗಿವೆ. ಬೆಲೆ ಇಳಿದದ್ದು ಕಾರಿನದು ಮಾತ್ರ, ರಿಪೇರಿಯದಲ್ಲ.

ಏಕೆ ಹೋಗುತ್ತದೆ

ಚೈನ್ ತುಂಡಾಗುವುದು ಅಪರೂಪ. ಸಾಮಾನ್ಯವಾಗಿ ಹೋಗುವುದು ಅದನ್ನು ಬಿಗಿಹಿಡಿಯುವ ಟೆನ್ಷನರ್. ಎಂಜಿನ್ ಓಡುವಾಗ ಆಯಿಲ್ ಒತ್ತಡ ಅದರ ಪಿಸ್ಟನ್ನನ್ನು ಹೊರಕ್ಕೆ ನೂಕಿ ಚೈನನ್ನು ಬಿಗಿಯಾಗಿಡುತ್ತದೆ. ಎಂಜಿನ್ ನಿಂತಾಗ ಒತ್ತಡವಿರುವುದಿಲ್ಲ. ಆಗ ಪಿಸ್ಟನ್ ಒಳಕ್ಕೆ ಸರಿಯದಂತೆ ಸಣ್ಣದೊಂದು ಹಲ್ಲಿನ ಕೊಕ್ಕೆ ತಡೆಯಬೇಕು. ಹಳೆಯ ವಿನ್ಯಾಸದಲ್ಲಿ ಈ ಕೊಕ್ಕೆಯ ವ್ಯವಸ್ಥೆ ದುರ್ಬಲವಾಗಿತ್ತು. ಅದು ಸೋತರೆ ಚೈನ್ ಸಡಿಲವಾಗಿ, ಮುಂದಿನ ಸ್ಟಾರ್ಟಿನಲ್ಲಿ ಚಕ್ರದ ಹಲ್ಲು ದಾಟಿ ಜಾರುತ್ತದೆ. ಈ ಎಂಜಿನ್‌ನಲ್ಲಿ ಸಿಲಿಂಡರಿನ ಪಿಸ್ಟನ್ ಏರಿ ಬರುವ ಜಾಗಕ್ಕೇ ವಾಲ್ವ್ ಕೂಡ ಇಳಿಯುತ್ತದೆ. ಸಮಯ ತಪ್ಪಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅಮೆರಿಕದಲ್ಲಿ ಇದೇ ವಿಷಯಕ್ಕೆ ಮಾಲೀಕರ ಸಾಮೂಹಿಕ ಮೊಕದ್ದಮೆ ನಡೆದು 2018ರಲ್ಲಿ ರಾಜಿಯಲ್ಲಿ ಮುಗಿಯಿತು. ಇಲ್ಲಿನ ಮಾಲೀಕರಿಗೆ ಅದರಿಂದ ದಕ್ಕಿದ್ದೇನೂ ಇಲ್ಲ.

ಇನ್ನು ನಮ್ಮ ಊರಿಗೇ ಸಂಬಂಧಿಸಿದ ಕಾರಣ. ಕೊಡಗಿನಲ್ಲಿ ಸಮತಟ್ಟಾದ ಅಂಗಳವಿರುವ ಮನೆಯನ್ನು ಹುಡುಕಬೇಕು. ಏರುಮುಖವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಅರ್ಧ ಎಳೆದು, ಮೊದಲ ಗೇರಿನ ಮೇಲೆ ಭಾರ ಬಿಟ್ಟು ಇಳಿದು ಹೋಗುತ್ತೇವೆ. ಕಾರು ಎರಡು ಇಂಚು ಹಿಂದಕ್ಕೆ ಜರುಗಿ ನಿಲ್ಲುತ್ತದೆ. ಆ ಎರಡು ಇಂಚಿನಲ್ಲಿ ಎಂಜಿನ್ ಹಿಮ್ಮುಖವಾಗಿ ಸ್ವಲ್ಪ ತಿರುಗುತ್ತದೆ, ಚೈನಿನ ಸೆಳೆತವೆಲ್ಲ ಟೆನ್ಷನರ್ ಇರುವ ಬದಿಗೆ ಬಂದು ಅದನ್ನು ಒಳಕ್ಕೆ ಒತ್ತುತ್ತದೆ. ಇಳಿಮುಖವಾಗಿ ರಿವರ್ಸ್ ಗೇರಿನಲ್ಲಿ ನಿಲ್ಲಿಸಿದರೂ ಫಲ ಇದೇ. ಕೊಕ್ಕೆ ಗಟ್ಟಿಯಿದ್ದರೆ ತಡೆದುಕೊಳ್ಳುತ್ತದೆ, ಇಲ್ಲದಿದ್ದರೆ ಬೆಳಿಗ್ಗೆ ಕೀ ಹಾಕಿದಾಗ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರುವಾಗಲೇ ಕಾಲ್ಬ್ರೇಕ್ ಬಿಟ್ಟು ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ, ಆಮೇಲೆ ಗೇರ್ ಹಾಕಿ. ಚಕ್ರಕ್ಕೊಂದು ಕಲ್ಲು ಇಟ್ಟರೆ ಇನ್ನೂ ಒಳ್ಳೆಯದು.

ಚೈನ್ ಇನ್ನೂ ಹೋಗಿಲ್ಲವಾದರೆ ಎರಡು ತಪಾಸಣೆ ಈಗಲೇ ಮಾಡಿಸಿ. ಕೆಳಗಿನ ಚೈನ್ ಕವರಿನಲ್ಲಿ ಸಣ್ಣ ರಬ್ಬರ್ ಮುಚ್ಚಳವಿದೆ. ಅದನ್ನು ಕಿತ್ತು ಟಾರ್ಚ್ ಬಿಟ್ಟರೆ ಟೆನ್ಷನರ್ ಹಳೆಯದೋ ಹೊಸದೋ, ಅದರ ಪಿಸ್ಟನ್ ಎಷ್ಟು ಹೊರಬಂದಿದೆ ಎಂಬುದು ಕಾಣುತ್ತದೆ. ಎರಡನೆಯದು, ಸ್ಕ್ಯಾನರ್‌ನಲ್ಲಿ 93ನೇ ಮಾಪನ ವಿಭಾಗ ತೆರೆದು ಕ್ಯಾಮ್‌ಶಾಫ್ಟ್‌ನ ಸ್ಥಾನ ನೋಡುವುದು. ಸೊನ್ನೆಯ ಹತ್ತಿರವಿದ್ದರೆ ನೆಮ್ಮದಿ. ಮೈನಸ್ ನಾಲ್ಕು ಡಿಗ್ರಿ ದಾಟಿದ್ದರೆ ಚೈನ್ ಹಿಗ್ಗಿದೆ, ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಮಾಡಿದೊಡನೆ ಎರಡು ಮೂರು ಸೆಕೆಂಡ್ ಗರಗರ ಸದ್ದು ಬಂದು ನಿಂತರೆ ಅದೂ ಎಚ್ಚರಿಕೆಯೇ. ಸದ್ದು ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು.

ಘಟ್ಟದಲ್ಲಿ ನಿಂತರೆ

ಓಡುತ್ತಿರುವಾಗಲೇ ಎಂಜಿನ್ ಸತ್ತರೆ ಬ್ರೇಕಿಗೆ ನೆರವಾಗುವ ನಿರ್ವಾತ ಎರಡು ಮೂರು ಒತ್ತಿಗೆ ಮಾತ್ರ ಸಾಕಾಗುತ್ತದೆ. ಸಂಪಾಜೆ ಘಟ್ಟದಲ್ಲಾಗಲಿ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ತಿರುವುಗಳಲ್ಲಾಗಲಿ ಬ್ರೇಕನ್ನು ಪದೇಪದೇ ಒತ್ತಿ ಬಿಡಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು ಅಂಚಿಗೆ ತನ್ನಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಆಮೇಲೆ ಫೋನು.

ಕರೆಯಬೇಕಾದದ್ದು ಪೂರ್ತಿ ಕಾರನ್ನೇ ಮೇಲೆ ಹೊತ್ತೊಯ್ಯುವ ಲಾರಿಯನ್ನು. ಹಗ್ಗ ಕಟ್ಟಿ ಎಳೆಯುವುದು ನಮ್ಮ ರಸ್ತೆಗಳಲ್ಲಿ ಹೇಗಿದ್ದರೂ ಅಪಾಯ. ಮುಂದಿನ ಚಕ್ರ ನೆಲದಲ್ಲಿ ಉರುಳಿದರೆ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿಗೂ ತೊಂದರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ತುಸು ಹೆಚ್ಚು. ಜಿಲ್ಲೆಯಲ್ಲಿ ರೈಲಿಲ್ಲ. ಸಾಗಣೆಯ ಖರ್ಚನ್ನು ರಿಪೇರಿಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.

ಬಿಚ್ಚುವ ಮೊದಲು

ಗ್ಯಾರೇಜಿಗೆ ಬಂದ ಕೂಡಲೇ "ಅಣ್ಣ, ಒಂದು ಸಲ ಸ್ಟಾರ್ಟ್ ಮಾಡಿ ನೋಡುತ್ತೇನೆ" ಎನ್ನುವ ಹುಡುಗ ಎಲ್ಲ ಕಡೆಯೂ ಇರುತ್ತಾನೆ. ಅವನ ಕೈಯಿಂದ ಕೀ ತೆಗೆದುಕೊಳ್ಳಿ. ಮೊದಲು ಸ್ಕ್ಯಾನರ್ ಸಿಕ್ಕಿಸಿ. ಪಿ0016 ಎಂಬ ಸಂಕೇತ ಬಂದಿದ್ದರೆ ಕ್ರ್ಯಾಂಕ್‌ಶಾಫ್ಟ್‌ಗೂ ಕ್ಯಾಮ್‌ಶಾಫ್ಟ್‌ಗೂ ಹೊಂದಾಣಿಕೆ ತಪ್ಪಿದೆ ಎಂದರ್ಥ. ನಂತರ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತುಗಳಲ್ಲಿ ಕ್ಯಾಮೆರಾ ತಂತಿ ಇಳಿಸಿ ಪಿಸ್ಟನ್ ತಲೆ ನೋಡಿ. ಕಪ್ಪು ಮಸಿಯ ನಡುವೆ ಉಗುರಿನ ಗಾತ್ರದ, ಅರ್ಧಚಂದ್ರದಂಥ ಹೊಳೆಯುವ ಗುರುತು ಕಂಡರೆ ವಾಲ್ವ್ ಅಲ್ಲಿ ತಗುಲಿದೆ. ಒಂದೇ ಪಿಸ್ಟನ್ನಿನಲ್ಲಿ ಕಂಡರೂ ವಾಲ್ವ್‌ಗಳು ಕೂತಿರುವ ಮೇಲ್ಭಾಗವಾದ ಸಿಲಿಂಡರ್ ಹೆಡ್ ಇಳಿಸಲೇಬೇಕು, ಚರ್ಚೆಯಿಲ್ಲ.

ಗುರುತೇ ಇಲ್ಲದಿದ್ದರೆ ಸ್ವಲ್ಪ ಆಸೆಯಿದೆ. ಹೊಸ ಚೈನ್ ಹಾಕಿ, ಕೈಯಲ್ಲೇ ತಿರುಗಿಸಿ ಟೈಮಿಂಗ್ ಸರಿಪಡಿಸಿದ ಮೇಲೆ, ಒಂದೊಂದು ಸಿಲಿಂಡರನ್ನೂ ಅದರ ಪಿಸ್ಟನ್ ಕಂಪ್ರೆಷನ್ ಹಂತದ ಮೇಲ್ತುದಿಯಲ್ಲಿರುವಾಗ ಗಾಳಿ ತುಂಬಿ ಸೋರಿಕೆ ನೋಡಿ. ಇನ್‌ಟೇಕ್ ಕಡೆ ಸುಯ್ ಎಂದರೆ ಆ ಬದಿಯ ವಾಲ್ವ್ ಬಾಗಿದೆ. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ತುಂಬುವ ಬಾಯಲ್ಲಿ ಬಂದರೆ ರಿಂಗ್ ಸವೆದಿದೆ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಆಮೇಲೆ ಕಂಪ್ರೆಷನ್ ಪರೀಕ್ಷೆ ಮಾಡುವವರು ಎತ್ತರವನ್ನು ಮರೆಯುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿಗೂ ಸ್ವಲ್ಪ ಮೇಲಿದೆ, ಗಾಳಿಯ ಒತ್ತಡ ಸುಮಾರು ಶೇ 13ರಷ್ಟು ಕಡಿಮೆ. ಮಂಗಳೂರಿನಲ್ಲಿ 12 ಬಾರ್ ತೋರಿಸುವ ಸಿಲಿಂಡರ್ ಇಲ್ಲಿ ಹತ್ತೂವರೆ ತೋರಿಸಿದರೆ ಅದು ಸವೆತವಲ್ಲ. ಪುಸ್ತಕದ ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಮುಖ್ಯ. ಅದು 3 ಬಾರ್ ದಾಟಬಾರದು.

ಬಿಚ್ಚುವ ಕೆಲಸ

ಚೈನ್ ಇರುವುದು ಕಾರಿನ ಬಲಬದಿಗೆ, ಚಾಸಿಗೂ ಎಂಜಿನ್‌ಗೂ ನಡುವಿನ ಇಕ್ಕಟ್ಟಿನಲ್ಲಿ. ಎಂಜಿನ್ನನ್ನು ಮೇಲಿನಿಂದ ಅಡ್ಡಪಟ್ಟಿಗೆ ತೂಗುಹಾಕಿ ಆ ಬದಿಯ ಮೌಂಟ್ ತೆಗೆಯಬೇಕು. ಕೆಳಗೆ ಜ್ಯಾಕ್ ಕೊಟ್ಟು ಸಾಗಿಸುವವರಿದ್ದಾರೆ, ಆದರೆ ನಾವು ಸಂಪ್ (ತಳದ ಆಯಿಲ್ ತೊಟ್ಟಿ) ಕೂಡ ಇಳಿಸಬೇಕಿರುವುದರಿಂದ ಅದು ನಡೆಯುವುದಿಲ್ಲ.

ಎರಡು ಕಡೆ ಬಲ ಹಾಕುವ ಮೊದಲು ಯೋಚಿಸಿ. ಇನ್‌ಟೇಕ್ ಕ್ಯಾಮ್‌ಶಾಫ್ಟ್‌ನ ತುದಿಯಲ್ಲಿರುವ ಕಂಟ್ರೋಲ್ ವಾಲ್ವ್ ಎಡಮರೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅಭ್ಯಾಸಬಲದಿಂದ ಎಡಕ್ಕೆ ಉದ್ದ ಪೈಪ್ ಹಾಕಿ ಒತ್ತಿ ಮುರಿದವರ ಕಥೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಎರಡನೆಯದು ಕ್ರ್ಯಾಂಕ್ ಪುಲ್ಲಿಯ ಬೋಲ್ಟ್. ಇಲ್ಲಿ ಚೈನಿನ ಕೆಳಚಕ್ರಕ್ಕೆ ಕೀಲಿಯಿಲ್ಲ, ಮುಖದ ಮೇಲಿನ ಹಲ್ಲುಗಳನ್ನು ಆ ಬೋಲ್ಟಿನ ಬಿಗಿತವೇ ಹಿಡಿದಿರುತ್ತದೆ. ಬೋಲ್ಟ್ ಬಿಟ್ಟ ಮೇಲೆ ಚಕ್ರವನ್ನು ಹಿಡಿದಿಡುವ ಸಲಕರಣೆ ಹಾಕದೆ ಕ್ರ್ಯಾಂಕ್ ತಿರುಗಿಸಿದರೆ ಟೈಮಿಂಗ್ ಎಲ್ಲಿದೆಯೆಂದು ದೇವರಿಗೂ ಗೊತ್ತಾಗುವುದಿಲ್ಲ.

ಸಂಪ್ ಇಳಿಸುವುದನ್ನು ಖರ್ಚಿನ ನೆಪ ಹೇಳಿ ಬಿಡಬೇಡಿ. ಚೈನ್ ಬಡಿದಾಗ ಚೈನಿಗೆ ದಾರಿ ತೋರುವ ಕಂದುಬಣ್ಣದ ಪ್ಲಾಸ್ಟಿಕ್ ಗೈಡ್ ಚೂರುಚೂರಾಗಿ ಕೆಳಗೆ ಬೀಳುತ್ತದೆ. ಸಂಪ್ ತೆಗೆದು ಆಯಿಲ್ ಪಂಪಿನ ಜರಡಿಯನ್ನು ಬೆಳಕಿಗೆ ಹಿಡಿದರೆ ಕಡಲೆಬೇಳೆ ಗಾತ್ರದ ಚೂರುಗಳು ಕೆಸರಿನ ಜತೆ ಅಂಟಿಕೊಂಡಿರುವುದು ಕಾಣುತ್ತದೆ. ಅದನ್ನು ಹಾಗೆಯೇ ಬಿಟ್ಟು ಮೇಲೆ ಎಷ್ಟೇ ಹೊಸ ಸಾಮಾನು ಹಾಕಿದರೂ ಆಯಿಲ್ ಒತ್ತಡ ಬೀಳುತ್ತದೆ. ಆಯಿಲ್ ಒತ್ತಡ ಬಿದ್ದರೆ ಹೊಸ ಟೆನ್ಷನರ್ ಕೂಡ ಹಳೆಯದರ ದಾರಿ ಹಿಡಿಯುತ್ತದೆ, ಜತೆಗೆ ಟರ್ಬೊ ಬೇರಿಂಗ್ ಬೇರೆ. ಇದೇ ರೀತಿ ಕ್ಯಾಮ್‌ಶಾಫ್ಟ್‌ನ ಮುಂಬದಿಯನ್ನು ಹಿಡಿದಿಡುವ ಬ್ರಿಜ್ ಎಂಬ ಭಾಗದ ಒಳಗೆ ಬೆರಳತುದಿಯಷ್ಟು ಸಣ್ಣ ಜಾಲರಿಯೊಂದಿದೆ. ಅದು ಹರಿದಿದ್ದರೆ ಚೂರು ಹೋಗಿ ಕ್ಯಾಮ್ ಅಡ್ಜಸ್ಟರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹುಡುಕಿ ತೆಗೆಯಿರಿ.

ಮಳೆಗಾಲದಲ್ಲಿ ಕೆಲಸಕ್ಕೆ ಇಳಿದವರಿಗೆ ಇನ್ನೊಂದು ಮಾತು. ಈ ಎಂಜಿನ್‌ನ ಬ್ಲಾಕ್ ಬೀಡುಕಬ್ಬಿಣದ್ದು. ಜುಲೈ ತಿಂಗಳಲ್ಲಿ ಹೆಡ್ ತೆಗೆದು ಹಾಗೆಯೇ ಬಿಟ್ಟರೆ ಬೋರಿನ (ಸಿಲಿಂಡರಿನ ಒಳಭಾಗದ) ಗೋಡೆ ತುಕ್ಕು ಹಿಡಿದು ಕೆಂಪಗಾಗಲು ಒಂದೆರಡು ರಾತ್ರಿ ಸಾಕು. ಬಿಚ್ಚಿದ ದಿನವೇ ಎಂಜಿನ್ ಆಯಿಲ್ ಬಳಿದು ದಪ್ಪ ಪ್ಲಾಸ್ಟಿಕ್ ಮುಚ್ಚಿ. ಲೇತ್ ಕೆಲಸಕ್ಕೆ ಮೈಸೂರಿಗೆ ಹೋದ ಹೆಡ್ ಯಾವಾಗ ವಾಪಸ್ ಬರುತ್ತದೆಂದು ಹೇಳಲಾಗದು. ಭಾರಿ ಮಳೆಯಲ್ಲಿ ಜಿಲ್ಲಾಡಳಿತ ದೊಡ್ಡ ಸರಕು ವಾಹನಗಳಿಗೆ ನಿರ್ಬಂಧ ಹಾಕುವುದೂ ಉಂಟು.

ಹೆಡ್

ಹದಿನಾರು ವಾಲ್ವ್‌ಗಳಲ್ಲಿ ಎಂಟು ಬಾಗಿದ್ದರೆ ಎಂಟನ್ನೇ ತರುವುದು ಕಾಗದದ ಮೇಲೆ ಉಳಿತಾಯ. ಕಣ್ಣಿಗೆ ನೇರವಾಗಿ ಕಾಣುವ ವಾಲ್ವ್‌ನ ಕಾಂಡವನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿದರೆ ತಲೆ ಅಲುಗುವುದು ಕಾಣುತ್ತದೆ. ಒಂದೇ ಬದಿಯ ಎಂಟೂ ಬದಲಾಯಿಸಿ. ಇನ್ನೊಂದು ಬದಿಯವನ್ನು ಅಳೆದು ನಿರ್ಧರಿಸಿ. ವಾಲ್ವ್ ಬಾಗಿದ ಕಡೆ ಅದರ ಕಾಂಡ ಜಾರುವ ಗೈಡ್ ಬಿರುಕು ಬಿಟ್ಟಿದೆಯೇ, ಅಗಲವಾಗಿದೆಯೇ ನೋಡಲೇಬೇಕು. ಸೀಲ್‌ಗಳು ಎಲ್ಲವೂ ಹೊಸವು. ಹೆಡ್‌ನ ಮೇಲ್ಮೈಯನ್ನು ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ ನೋಡಿ, 0.05 ಮಿಲಿಮೀಟರಿಗಿಂತ ಹೆಚ್ಚು ಡೊಂಕು ಇರಬಾರದು. ಲೇತ್‌ನವರು "ಸ್ವಲ್ಪ ಫೇಸಿಂಗ್ ಮಾಡಿಬಿಡೋಣ" ಎಂದರೆ ಒಪ್ಪಿಕೊಳ್ಳುವ ಅವಸರ ಬೇಡ. ಟರ್ಬೊ ಎಂಜಿನ್‌ನಲ್ಲಿ ಹೆಡ್ ತೆಳುವಾದಷ್ಟೂ ಕಂಪ್ರೆಷನ್ ಏರಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗುತ್ತದೆ.

ಹೆಡ್ ಕೈಯಲ್ಲಿರುವಾಗಲೇ ಇನ್‌ಟೇಕ್ ದಾರಿಯನ್ನು ಸ್ವಚ್ಛ ಮಾಡಿಸಿ. ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುವ ಈ ಎಂಜಿನ್‌ಗಳಲ್ಲಿ ವಾಲ್ವ್‌ನ ಬೆನ್ನು ತೊಳೆಯುವವರು ಯಾರೂ ಇಲ್ಲ. ಅಲ್ಲಿ ಮಸಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಪಿಸ್ಟನ್ ವಿಚಾರ. ಎರಡನೇ ತಲೆಮಾರಿನ ಆರಂಭದ ಎಂಜಿನ್‌ಗಳು ಆಯಿಲ್ ಕುಡಿಯುವುದಕ್ಕೆ ಹೆಸರುವಾಸಿ. ಆಯಿಲ್ ರಿಂಗ್ ತೆಳುವಾಗಿ, ಅದರ ಹಿಂದಿನ ತೂತುಗಳು ಮಸಿಯಿಂದ ಮುಚ್ಚಿಹೋಗುತ್ತವೆ. ನಿಮ್ಮ ಕಾರು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಹೆಡ್ ಮತ್ತು ಸಂಪ್ ಎರಡೂ ಬಿಚ್ಚಿರುವ ಈ ಹೊತ್ತಿಗಿಂತ ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ. ಅಗಲ ರಿಂಗಿನ ಪರಿಷ್ಕೃತ ಪಿಸ್ಟನ್ ಹಾಕಿಸಿ. ಪಿನ್ನಿನ ದಪ್ಪ 21 ಅಥವಾ 23 ಮಿಲಿಮೀಟರ್, ನಿಮ್ಮ ಕನೆಕ್ಟಿಂಗ್ ರಾಡಿಗೆ ಯಾವುದು ಹೊಂದುತ್ತದೆಂದು ಅಳೆದ ಮೇಲೆಯೇ ಆರ್ಡರ್ ಕೊಡಿ.

ಸಾಮಾನು

ಈ ಎಂಜಿನ್‌ನಲ್ಲಿ ಚೈನ್ ಒಂದಲ್ಲ, ಮೂರು: ಟೈಮಿಂಗ್, ಬ್ಯಾಲೆನ್ಸ್ ಶಾಫ್ಟ್, ಆಯಿಲ್ ಪಂಪ್. ಮೂರನ್ನೂ, ಅವುಗಳ ಗೈಡ್ ಮತ್ತು ಟೆನ್ಷನರ್‌ಗಳನ್ನೂ ಬದಲಾಯಿಸಿ. ಮುಖ್ಯ ಟೆನ್ಷನರಿನ ಪರಿಷ್ಕೃತ ಸಂಖ್ಯೆ 06ಕೆ 109 467 ಕೆ. 06ಎಚ್ ಎಂದು ಶುರುವಾಗುವ ಹಳೆಯ ದಾಸ್ತಾನನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ. ಹೆಡ್ ಬೋಲ್ಟ್, ಪುಲ್ಲಿ ಬೋಲ್ಟ್, ಕೆಳಕವರಿನ ಬೋಲ್ಟ್‌ಗಳು ಒಮ್ಮೆ ಬಿಗಿದರೆ ಹಿಗ್ಗುವಂಥವು, ಮರುಬಳಕೆ ಇಲ್ಲ. ಕೆಳಕವರನ್ನು ಮೀಟಿ ತೆಗೆಯುವಾಗ ಬಾಗಿರುತ್ತದೆ, ಅದೂ ಹೊಸದೇ. ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟಿನ ಪ್ಲಾಸ್ಟಿಕ್ ಮನೆ ಸೋರುವುದು ಮಾಮೂಲು, ಜತೆಗೇ ತರಿಸಿಬಿಡಿ.

ಜೋಡಣೆ

ಹೊಸ ಚೈನಿನಲ್ಲಿ ಕೆಲವು ಕೊಂಡಿಗಳಿಗೆ ಬಣ್ಣ ಬಳಿದಿರುತ್ತಾರೆ. ಅವು ಎರಡು ಕ್ಯಾಮ್ ಚಕ್ರ ಮತ್ತು ಕ್ರ್ಯಾಂಕ್ ಚಕ್ರದ ಗುರುತುಗಳಿಗೆ ನೇರವಾಗಿ ಕೂರಬೇಕು. ಬ್ಯಾಲೆನ್ಸ್ ಶಾಫ್ಟಿಗೂ ಅದರದೇ ಗುರುತುಗಳಿವೆ. ಅದು ಒಂದು ಹಲ್ಲು ತಪ್ಪಿದರೆ ಎಂಜಿನ್ ಓಡುತ್ತದೆ, ಆದರೆ ಸ್ಟೀರಿಂಗ್ ಹಿಡಿದ ಕೈ ಜೋಮು ಹಿಡಿಯುವಷ್ಟು ನಡುಕ. ಇನ್‌ಟೇಕ್ ಕ್ಯಾಮನ್ನು ಒಬ್ಬರು ಹಿಡಿದಿರಬೇಕು, ಇನ್ನೊಬ್ಬರು ಚೈನ್ ಏರಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

ಟೆನ್ಷನರ್ ಬೋಲ್ಟ್‌ಗಳಿಗೆ 9 ನ್ಯೂಟನ್ ಮೀಟರ್ ಮಾತ್ರ. ಸಾಮಾನ್ಯ ಸ್ಪ್ಯಾನರಿನ ಕೈಗೆ ಅದು ತೀರಾ ಕಡಿಮೆ ಎನಿಸುತ್ತದೆ, ಹಾಗಾಗಿ ಸಣ್ಣ ಟಾರ್ಕ್ ರೆಂಚ್ ಬೇಕು. ಪುಲ್ಲಿ ಬೋಲ್ಟಿಗೆ 150 ನ್ಯೂಟನ್ ಮೀಟರ್, ಅದರ ಮೇಲೆ 90 ಡಿಗ್ರಿ. ಹೊಸ ಟೆನ್ಷನರನ್ನು ಒತ್ತಿ ಹಿಡಿದಿರುವ ಪಿನ್ ಎಳೆಯುವ ಮೊದಲು ಗುರುತುಗಳ ಫೋಟೋ ತೆಗೆದಿಡಿ. ಪಿನ್ ಎಳೆದ ಮೇಲೆ ಕೈಯಿಂದ ಎಂಜಿನ್ನನ್ನು ಅದರ ಸಹಜ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯೂ ಗಟ್ಟಿಯಾಗಿ ತಡೆಯಬಾರದು. ಎರಡು ಸುತ್ತಿನ ನಂತರ ಬಣ್ಣದ ಕೊಂಡಿಗಳು ಗುರುತಿನಿಂದ ಸರಿದಿರುತ್ತವೆ, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಅವು ಮತ್ತೆ ಒಟ್ಟಿಗೆ ಬರಲು ಎಷ್ಟೋ ಸುತ್ತು ಬೇಕು. ಚಕ್ರಗಳ ಮೇಲಿನ ಗುರುತುಗಳು ಸರಿಯಿದ್ದರೆ ಸಾಕು.

ಕವರಿಗೆ ಹಚ್ಚುವ ಸೀಲೆಂಟ್ ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುವಂಥದ್ದು. ಮಾರ್ಚಿನಲ್ಲಿ ಸಿಗುವ ಬಿಡುವು ನಮ್ಮ ಜುಲೈನಲ್ಲಿ ಸಿಗುವುದಿಲ್ಲ. ಬೋಲ್ಟ್‌ಗಳನ್ನೆಲ್ಲ ಜೋಡಿಸಿಟ್ಟುಕೊಂಡು ಆಮೇಲೆ ಟ್ಯೂಬ್ ತೆರೆಯಿರಿ. ತೆಳುವಾಗಿ ಹಚ್ಚಿ, ಒಳಕ್ಕೆ ಉಬ್ಬಿದ್ದು ಮುರಿದು ಬಿದ್ದರೆ ಮತ್ತೆ ಅದೇ ಜರಡಿಗೆ ಹೋಗುತ್ತದೆ.

ಮೊದಲ ಸ್ಟಾರ್ಟ್

ಫೋಕ್ಸ್‌ವ್ಯಾಗನ್‌ನ 502.00 ಗುಣಮಟ್ಟದ 5ಡಬ್ಲ್ಯು-40 ಆಯಿಲ್, ಸುಮಾರು 4.6 ಲೀಟರ್. ಇಂಜೆಕ್ಟರ್ ಮತ್ತು ಇಗ್ನಿಷನ್ ಸಂಪರ್ಕ ಕಿತ್ತು, ಪ್ಲಗ್‌ಗಳಿಲ್ಲದೆ, ಆಯಿಲ್ ದೀಪ ಆರುವವರೆಗೆ ಬಿಟ್ಟುಬಿಟ್ಟು ಕ್ರ್ಯಾಂಕ್ ಮಾಡಿ. ನಂತರವಷ್ಟೇ ಎಲ್ಲ ಜೋಡಿಸಿ ಸ್ಟಾರ್ಟ್. ಮೊದಲ ಕೆಲವು ಸೆಕೆಂಡ್ ಟಪ್ಪೆಟ್ ಸದ್ದು ಬರುತ್ತದೆ, ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೆ 93ನೇ ವಿಭಾಗದ ಅಂಕಿ ಬರೆದಿಟ್ಟುಕೊಳ್ಳಿ, ಮುಂದೆ ಹೋಲಿಸಲು ಅದೇ ಆಧಾರ. ಐನೂರು ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ, ಹಳೆಯ ಫಿಲ್ಟರ್ ಕೊಯ್ದು ಲೋಹದ ಪುಡಿ ಇದೆಯೇ ನೋಡಿ. ಆಮೇಲೆ 7,500 ಕಿಲೋಮೀಟರಿಗೊಮ್ಮೆ. ಕಂಪನಿಯ ಪುಸ್ತಕ ಹೇಳುವ ದೀರ್ಘ ಅಂತರ ಘಟ್ಟದಲ್ಲಿ ಎರಡನೇ ಗೇರಿನಲ್ಲೇ ಏದುವ ಎಂಜಿನ್‌ಗೆ ಹೇಳಿಮಾಡಿಸಿದ್ದಲ್ಲ.

ಶಕ್ತಿ ಹೆಚ್ಚಿಸುವವರಿಗೆ

ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಯೋಚಿಸಿ, ಅದಕ್ಕೆ ಮೊದಲು ಬೇಡ. ಹಣ ಮೊದಲು ಹೋಗಬೇಕಾದದ್ದು ಬ್ರೇಕಿಗೆ. ಮಡಿಕೇರಿಯಿಂದ ಸಂಪಾಜೆಗೆ ರಸ್ತೆ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ಹೊಸ ಡಾಟ್ 4 ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್, ಅಷ್ಟಾದರೆ ಕಾರು ಆಗಲೇ ಬೇರೆಯಾಗಿರುತ್ತದೆ. ಮುಂದೆ ಹೊಸ ಪಿಸಿವಿ (ಎಂಜಿನ್ ಒಳಗಿನ ಹೊಗೆಯನ್ನು ಹೊರಬಿಡುವ ವಾಲ್ವ್), ಹೊಸ ಕಾಯಿಲ್ ಮತ್ತು ಪ್ಲಗ್, ದೊಡ್ಡ ಇಂಟರ್‌ಕೂಲರ್. ಪೊದೆಯಲ್ಲಿದ್ದ ಹಕ್ಕಿ ಹಾರುವಂತೆ ಸದ್ದು ಮಾಡುವ ಬ್ಲೋ-ಆಫ್ ವಾಲ್ವ್‌ನಿಂದ ಕಾರು ಒಂದಿಷ್ಟೂ ವೇಗವಾಗುವುದಿಲ್ಲ.

ಟ್ಯೂನ್ (ಎಂಜಿನ್ ಕಂಪ್ಯೂಟರಿನ ಬದಲಿ ಪ್ರೋಗ್ರಾಂ) ಬರೆಸುವುದಾದರೆ ಗೇರ್‌ಬಾಕ್ಸ್ ಯಾವುದೆಂದು ಮೊದಲು ನೋಡಿ. ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ 250 ನ್ಯೂಟನ್ ಮೀಟರಿಗಾಗಿ ಮಾಡಿದ್ದು, 1.8 ಎಂಜಿನ್ ಕಾರ್ಖಾನೆಯಿಂದಲೇ ಆ ಮಿತಿಗೆ ತಾಗಿಕೊಂಡಿದೆ. ಅಂಥ ಕಾರಿಗೆ ಟ್ಯೂನ್ ಬೇಡ. ವಿಆರ್‌ಎಸ್‌ನ ಆರು ಗೇರಿನ ಮ್ಯಾನುವಲ್ ಬಾಕ್ಸ್ ಗಟ್ಟಿ, ಆದರೆ ಹಳೆಯ ಕ್ಲಚ್ ಏರಿನಲ್ಲಿ ಜಾರತೊಡಗುತ್ತದೆ. ದೊಡ್ಡ ನಗರಗಳ ಆಯ್ದ ಬಂಕ್‌ಗಳಲ್ಲಿ ಮಾತ್ರ ಸಿಗುವ 100 ಆಕ್ಟೇನ್ ಪೆಟ್ರೋಲಿಗೆ ಬರೆದ ಟ್ಯೂನನ್ನು ತಂದು ಸೋಮವಾರಪೇಟೆಯ ಬಂಕಿನ ಪೆಟ್ರೋಲ್ ತುಂಬಿಸಿದರೆ ನಾಕಿಂಗ್ ಖಚಿತ. ನೀವು ದಿನವೂ ತುಂಬಿಸುವ ಪೆಟ್ರೋಲಿಗೇ ಬರೆಸಿ. ಎತ್ತರದಲ್ಲಿ ಅದೇ ಒತ್ತಡ ಕೊಡಲು ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಬೆಂಗಳೂರಿನ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಸರಿ ಕಂಡ ಟ್ಯೂನನ್ನು ಮಡಿಕೇರಿಯ ಏರಿನಲ್ಲಿ ಸ್ಕ್ಯಾನರ್‌ನಿಂದ ಲಾಗ್ (ಅಂಕಿಗಳ ದಾಖಲೆ) ತೆಗೆದು ಇನ್ನೊಮ್ಮೆ ನೋಡುವುದು ಇದಕ್ಕಾಗಿ.

ಕಾಗದಪತ್ರ

ಬೋರು ಗೀರಿ ಹೋಗಿ ಬೇರೆ ಎಂಜಿನ್ ಹಾಕಿಸುವ ಸ್ಥಿತಿ ಬಂದರೆ ನೆನಪಿಡಿ, ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ವಿವರ ಬದಲಾಗುವಂಥ ಮಾರ್ಪಾಡಿಗೆ ಅನುಮತಿ ಬೇಕು. ಕೆಎ-12 ಗಾಡಿಯಾದರೆ ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಬೇಕು. ಎಲ್ಲಿಂದ ಬಂತೆಂಬ ಬಿಲ್ ಮತ್ತು ಮೂಲ ಗಾಡಿಯ ದಾಖಲೆ ಇಲ್ಲದ ಎಂಜಿನ್ನನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಸಂಖ್ಯೆ ಬದಲಾದ ಮೇಲೆ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಚೈನ್ ಹೋದದ್ದಕ್ಕೆ ವಿಮೆಯ ಹಣ ಬರುತ್ತದೆಂದು ಕಾಯುವುದು ಮಾತ್ರ ವ್ಯರ್ಥ. ಯಾಂತ್ರಿಕ ವೈಫಲ್ಯ ಮತ್ತು ಸವೆತವನ್ನು ಸಾಮಾನ್ಯ ಮೋಟಾರು ಪಾಲಿಸಿ ಹೊರಗಿಡುತ್ತದೆ.